ತಾಲ್ಲೂಕು ಗ್ರಂಥಾಲಯದ ಜಾಲತಾಣ ಮತ್ತು ಫೇಸ್‌ಬುಕ್ ಪುಟ: ಯಾವುದರಿಂದ ಆರಂಭಿಸಬೇಕು?

ಪ್ರಶ್ನೆ: ಮಲೆನಾಡಿನ ಓದುಗರ ಬಳಗ

ನಮಸ್ಕಾರ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಸಾರ್ವಜನಿಕ ಗ್ರಂಥಾಲಯದ ಶಾಖೆಗೆ ನೆರವಾಗಲೆಂದು ನಾವು ಕೆಲವು ಓದುಗರು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೇವೆ. ಗ್ರಂಥಪಾಲಕರ ಒಪ್ಪಿಗೆ ಇದೆ. ಆದರೆ ಅವರನ್ನೂ ಒಬ್ಬ ಸಹಾಯಕರನ್ನೂ ಬಿಟ್ಟರೆ ಅಲ್ಲಿ ಬೇರೆ ಸಿಬ್ಬಂದಿ ಇಲ್ಲವಾದ್ದರಿಂದ ಕಂಪ್ಯೂಟರಿನ ಮುಂದೆ ಕೂರುವ ಕೆಲಸವೆಲ್ಲ ನಮ್ಮ ಪಾಲಿಗೆ ಬಂದಿದೆ.

ಈಗ ಇರುವ ಜಾಲತಾಣವನ್ನು ಹಿಂದೊಮ್ಮೆ ಉತ್ಸಾಹಿ ಓದುಗರೊಬ್ಬರು ಮಾಡಿಕೊಟ್ಟಿದ್ದರು. ಮುಖಪುಟದಲ್ಲಿ ಓಡುವ ಅಕ್ಷರಗಳ ಸ್ವಾಗತ, ಕಟ್ಟಡದ ಉದ್ಘಾಟನೆಯ ಫೋಟೊಗಳು ಮತ್ತು ಗಣ್ಯರ ಹೆಸರುಗಳಿವೆ. ಪುಸ್ತಕಗಳ ಪಟ್ಟಿ ದೊಡ್ಡದೊಂದು ಪಿಡಿಎಫ್ ಕಡತದಲ್ಲಿದ್ದು, ಅದರೊಳಗೆ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಫೇಸ್‌ಬುಕ್ ಪುಟದಲ್ಲಿ ಹಬ್ಬ ಮತ್ತು ಜಯಂತಿಗಳ ಶುಭಾಶಯಗಳನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅದರ ಪಾಸ್‌ವರ್ಡ್ ಇರುವುದೂ ಈಗ ಊರಿನಲ್ಲಿಲ್ಲದವರೊಬ್ಬರ ಬಳಿ.

ಹಿರಿಯರು ಪತ್ರಿಕೆ ಓದಲು ಬರುತ್ತಾರೆ, ಯುವಕರು ತಮ್ಮದೇ ಗೈಡುಗಳನ್ನು ತಂದು ಪರೀಕ್ಷೆಗಳಿಗೆ ಓದುತ್ತಾರೆ. ಎರವಲು ವಿಭಾಗದ ಕಪಾಟುಗಳ ಕಡೆಗೆ ಹೋಗುವವರು ಕಡಿಮೆ. ಜಾಲತಾಣವನ್ನು ಹೊಸದಾಗಿ ಕಟ್ಟುವುದು ಮೇಲೋ, ಅದನ್ನು ಹಾಗೆಯೇ ಬಿಟ್ಟು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಗೆ ಗಮನ ಕೊಡುವುದು ಮೇಲೋ ಎಂಬುದರಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯವಿದೆ. ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಕ್ಯಾಟಲಾಗುಕಾರ

ಜಾಲತಾಣದ ಚೆಂದವನ್ನು ಸದ್ಯಕ್ಕೆ ಬದಿಗಿಡಿ. ಬಣ್ಣ, ಲಾಂಛನ, ಓಡುವ ಅಕ್ಷರಗಳ ವೇಗ ಎಂದು ಚರ್ಚೆ ಆರಂಭವಾದರೆ ಬಳಗದ ಉತ್ಸಾಹವೆಲ್ಲ ಅಲ್ಲಿಯೇ ಖರ್ಚಾಗುತ್ತದೆ. ಗ್ರಂಥಾಲಯದ ಜಾಲತಾಣಕ್ಕೆ ಬರುವವರು ಕೇಳುವ ಪ್ರಶ್ನೆಗಳು ಎರಡೇ: ಈಗ ಬಾಗಿಲು ತೆರೆದಿದೆಯೇ, ನನಗೆ ಬೇಕಾದ ಪುಸ್ತಕ ಅಲ್ಲಿ ಇದೆಯೇ. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನ ಕಲಿಸುವ ಕೇಂದ್ರವಾದ ಡಿಆರ್‌ಟಿಸಿಯನ್ನು ಸ್ಥಾಪಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕೆಂದು ಹೇಳುತ್ತದೆ. ನಿಮ್ಮ ಮುಖಪುಟವನ್ನು ಆ ಸೂತ್ರಕ್ಕೆ ಹಿಡಿದು ನೋಡಿದರೆ ಉದ್ಘಾಟನೆಯ ಫೋಟೊಗಳಿಗೆ ಎಷ್ಟು ಜಾಗ ಸಲ್ಲಬೇಕೆಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲ ಪ್ರಶ್ನೆಗೆ ಉತ್ತರಿಸುವುದು ಸುಲಭ. ತೆರೆದಿರುವ ವೇಳೆ, ವಾರದ ರಜೆ, ಸದಸ್ಯತ್ವಕ್ಕೆ ಬೇಕಾದ ದಾಖಲೆಗಳು, ಠೇವಣಿ, ಎಷ್ಟು ಪುಸ್ತಕಗಳನ್ನು ಎಷ್ಟು ದಿನಗಳಿಗೆ ಕೊಡುತ್ತಾರೆ ಎಂಬ ವಿವರ ಮತ್ತು ದೂರವಾಣಿ ಸಂಖ್ಯೆ, ಇಷ್ಟನ್ನೂ ಚಿತ್ರವಾಗಿ ಹಾಕದೆ ಅಕ್ಷರಗಳಲ್ಲಿಯೇ ಬರೆದು ಮುಖಪುಟದ ಮೇಲ್ಭಾಗದಲ್ಲಿಡಿ. ಇದೇ ವಿವರ ಗೂಗಲ್ ಮ್ಯಾಪ್ಸಿನಲ್ಲಿಯೂ ಸರಿಯಾಗಿರಬೇಕು, ಏಕೆಂದರೆ ಹೆಚ್ಚಿನವರು ನಿಮ್ಮ ಜಾಲತಾಣಕ್ಕೆ ಬರುವ ಮೊದಲು ಅಲ್ಲಿ ನೋಡುತ್ತಾರೆ. ನಮ್ಮ ರಾಜ್ಯದ ಬಹಳಷ್ಟು ಸಾರ್ವಜನಿಕ ಗ್ರಂಥಾಲಯಗಳು ಭಾನುವಾರ ತೆರೆದಿದ್ದು ಸೋಮವಾರ ಮುಚ್ಚಿರುತ್ತವೆ. ಉಳಿದ ಕಚೇರಿಗಳಂತೆ ಭಾನುವಾರ ರಜೆಯೆಂದು ಅಲ್ಲಿ ನಮೂದಾಗಿದ್ದರೆ, ಬಿಡುವಿರುವ ದಿನವೇ ಓದುಗ ಮನೆಯಲ್ಲಿ ಉಳಿಯುತ್ತಾನೆ. ಆ ನಮೂದಿಗೆ ತಿದ್ದುಪಡಿಯನ್ನು ಯಾರು ಬೇಕಾದರೂ ಸೂಚಿಸಬಹುದು. ಗ್ರಂಥಪಾಲಕರ ಹೆಸರಿನಲ್ಲಿ ಪರಿಶೀಲನೆ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು.

ಎರಡನೆಯ ಪ್ರಶ್ನೆ ಕಷ್ಟದ್ದು. ನಿಮ್ಮ ಪಿಡಿಎಫ್‌ನಲ್ಲಿ ಹುಡುಕಾಟ ನಡೆಯದಿರುವುದಕ್ಕೆ ಬಹುಶಃ ಕಾರಣ, ಪಟ್ಟಿಯನ್ನು, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡಿಗೆ ಮೊದಲಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪು ಮಾಡಿರುವುದು. ಅಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಡತದೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳು. ಮೂಲ ವರ್ಡ್ ಅಥವಾ ಎಕ್ಸೆಲ್ ಕಡತ ಉಳಿದಿದೆಯೇ ಎಂದು ಮೊದಲು ವಿಚಾರಿಸಿ. ಅದು ಸಿಕ್ಕರೆ ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ತರಬಹುದು, ಆಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕಾಗುತ್ತದೆ. ಸಿಗದಿದ್ದರೆ, ಪುಸ್ತಕಗಳನ್ನು ಬಂದ ಕ್ರಮದಲ್ಲಿ ಬರೆದಿಡುವ ಆಕ್ಸೆಷನ್ ರಿಜಿಸ್ಟರಿನಿಂದಲೇ ಹೊಸದಾಗಿ ದಾಖಲಿಸುವುದು ಲೇಸು.

ಪುಸ್ತಕಗಳ ದಾಖಲಾತಿಗೆ ಯಾವ ತಂತ್ರಾಂಶವೆಂದು ನಿರ್ಧರಿಸುವ ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ. ಅವರಲ್ಲಿ ಈಗಾಗಲೇ ವ್ಯವಸ್ಥೆಯಿದ್ದರೆ ನಿಮ್ಮ ಶಾಖೆ ಅದರೊಳಗೇ ಸೇರಬೇಕು, ಇಲ್ಲವಾದರೆ ಒಂದೇ ಕೆಲಸ ಎರಡು ಬಾರಿ ಆಗುತ್ತದೆ. ಅವರಲ್ಲಿ ವ್ಯವಸ್ಥೆ ಇಲ್ಲದಿದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ರೂಪಿಸಿದ ಇ-ಗ್ರಂಥಾಲಯ ಇದೆ. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದ, ಮುಕ್ತ ತಂತ್ರಾಂಶವಾದ ಕೊಹಾ ಕೂಡ ಇದೆ. ಎರಡರಲ್ಲೂ ಯೂನಿಕೋಡ್ ಕನ್ನಡ ನಡೆಯುತ್ತದೆ. ಕೊಹಾ ಅಳವಡಿಸುವವರಿಗೆ ಒಂದು ಎಚ್ಚರಿಕೆ: ಅದರೊಳಗೆ ಹುಡುಕಾಟ ನಡೆಸುವ ಝೀಬ್ರಾ ಎಂಬ ಸೂಚಿಯನ್ನು, ಯೂನಿಕೋಡ್ ಲಿಪಿಗಳನ್ನು ಅರಿಯುವ ಐಸಿಯು ಎಂಬ ವಿಧಾನಕ್ಕೆ ಬದಲಿಸಿಕೊಳ್ಳದಿದ್ದರೆ ಕನ್ನಡದ ಹುಡುಕಾಟ ಕೈಕೊಡುತ್ತದೆ. ಅದನ್ನು ಸರಿಪಡಿಸಿದ ಮೇಲೂ ಕಣ್ಣಿಗೆ ಕಾಣದ ಒಂದು ತೊಡಕು ಉಳಿಯಬಹುದು. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ಕೂಡಿಕೊಳ್ಳದಂತೆ ತಡೆಯುವ ಶೂನ್ಯ ಅಗಲದ ಅಕ್ಷರವೊಂದು ನಡುವೆ ಸೇರುತ್ತದೆ. ದಾಖಲಿಸಿದವರು ಅದನ್ನು ಬಳಸಿದ್ದು ಹುಡುಕುವವರು ಬಳಸದಿದ್ದರೆ ಎರಡು ಹೆಸರುಗಳೂ ಯಂತ್ರದ ಪಾಲಿಗೆ ಬೇರೆಬೇರೆಯಾಗುತ್ತವೆ. ದಾಖಲಾತಿಗೆ ಕೂರುವವರೆಲ್ಲರೂ ಒಂದೇ ಕೀಲಿಮಣೆ ವಿನ್ಯಾಸ ಮತ್ತು ಒಂದೇ ಬರಹದ ನಿಯಮವನ್ನು ಅನುಸರಿಸಲಿ.

ಕನ್ನಡ ಗ್ರಂಥಸೂಚಿಯ ನಿಜವಾದ ಪರೀಕ್ಷೆ ಕಾವ್ಯನಾಮಗಳಲ್ಲಿದೆ. ಒಂದು ಪುಸ್ತಕದ ಮೇಲೆ ಕುವೆಂಪು, ಇನ್ನೊಂದರ ಮೇಲೆ ಕೆ. ವಿ. ಪುಟ್ಟಪ್ಪ, ಒಂದರಲ್ಲಿ ಅಂಬಿಕಾತನಯದತ್ತ, ಇನ್ನೊಂದರಲ್ಲಿ ದ. ರಾ. ಬೇಂದ್ರೆ; ಮಾಸ್ತಿಯವರು ಒಂದೆಡೆ ಶ್ರೀನಿವಾಸ. ಪ್ರತಿ ಲೇಖಕರಿಗೂ ಒಂದು ಅಧಿಕೃತ ರೂಪವನ್ನು ನಿಗದಿಪಡಿಸಿ ಉಳಿದ ರೂಪಗಳನ್ನು ಅದಕ್ಕೆ ಜೋಡಿಸುವ ಸೌಲಭ್ಯ ಕೊಹಾದಲ್ಲಿದೆ. ಫೋನಿನಲ್ಲಿ ರೋಮನ್ ಅಕ್ಷರಗಳಲ್ಲಿ ಟೈಪು ಮಾಡುವವರೇ ಹೆಚ್ಚಾದ್ದರಿಂದ ಶೀರ್ಷಿಕೆಯ ರೋಮನ್ ರೂಪವನ್ನು, ಗ್ರಂಥಾಲಯ ದಾಖಲೆಗಳ ಮಾದರಿಯಾದ ಮಾರ್ಕ್ 21ರ 246ನೇ ಕ್ಷೇತ್ರದಲ್ಲಿಯಾದರೂ (ಶೀರ್ಷಿಕೆಯ ಬೇರೆ ರೂಪಗಳ ಜಾಗ) ಸೇರಿಸಿ.

ಇಷ್ಟೂ ಪುಸ್ತಕಗಳನ್ನು ಯಾವಾಗ ಮುಗಿಸುವುದೆಂದು ಹೆದರಬೇಕಾಗಿಲ್ಲ. ಕಪಾಟಿನ ಮೊದಲ ಸಾಲಿನಿಂದ ಆರಂಭಿಸಬೇಡಿ. ಎರವಲು ಹೋದ ಪುಸ್ತಕ ಹಿಂತಿರುಗಿದಾಗ, ಅದು ಕಪಾಟಿಗೆ ಮರಳುವ ಮೊದಲು ದಾಖಲಿಸಿ. ಜನ ನಿಜವಾಗಿ ಓದುವ ಪುಸ್ತಕಗಳು ಹೀಗೆ ಮೊದಲು ಸೂಚಿಯೊಳಗೆ ಬರುತ್ತವೆ, ಯಾರೂ ಮುಟ್ಟದವು ಕೊನೆಗೆ ಉಳಿಯುತ್ತವೆ. ಜೊತೆಗೆ, ನಿಮ್ಮ ಊರಿಗೆ ಸಂಬಂಧಿಸಿದ ಪುಸ್ತಕಗಳನ್ನು ಮಾತ್ರ ಸರದಿ ಮುರಿದು ಮೊದಲೇ ದಾಖಲಿಸಿಬಿಡಿ.

ಉತ್ತರ 2: ಅರಿವು ಕೇಂದ್ರದ ಮೇಲ್ವಿಚಾರಕಿ

ಮೇಲಿನ ಹಿರಿಯರು ಹೇಳಿದ್ದಕ್ಕೆ ಪೂರ್ಣ ಸಹಮತವಿದೆ. ಸಾಮಾಜಿಕ ಜಾಲತಾಣಗಳ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. ನಾನು ಕೆಲಸ ಮಾಡುವುದು ಅರಿವು ಕೇಂದ್ರದಲ್ಲಿ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ. ಇವು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಸುದ್ದಿ ಮನೆಮನೆಗೆ ತಲುಪಿದ್ದು ಮಕ್ಕಳ ತಾಯಂದಿರ ಫೋನಿನ ಮೂಲಕ, ಅಂದರೆ ವಾಟ್ಸ್ಯಾಪ್ ಮೂಲಕ. ಹೀಗಾಗಿ ಇನ್‌ಸ್ಟಾಗ್ರಾಂ ಮುಖ್ಯವೋ ಫೇಸ್‌ಬುಕ್ ಮುಖ್ಯವೋ ಎಂಬ ಚರ್ಚೆಗೆ ಮೊದಲು ನಿಮ್ಮ ಓದುಗರ ಕೈಯಲ್ಲಿ ಏನಿದೆಯೆಂದು ಕೌಂಟರಿನಲ್ಲಿ ನಿಂತು ಕೇಳಿಕೊಳ್ಳಿ.

ವಾಟ್ಸ್ಯಾಪಿನಲ್ಲಿ ಗುಂಪು ಮಾಡಬೇಡಿ, ಚಾನೆಲ್ ಮಾಡಿ. ಗುಂಪಿನಲ್ಲಿ ಪ್ರತಿಯೊಬ್ಬರ ಸಂಖ್ಯೆಯೂ ಎಲ್ಲರಿಗೂ ಕಾಣುತ್ತದೆ, ಅನೇಕ ಹೆಣ್ಣುಮಕ್ಕಳು ಸೇರಲು ಹಿಂಜರಿಯುವುದೇ ಅದಕ್ಕಾಗಿ. ಚಾನೆಲ್‌ನಲ್ಲಿ ಹಿಂಬಾಲಿಸುವವರ ಸಂಖ್ಯೆ ಪರಸ್ಪರ ಕಾಣುವುದಿಲ್ಲ. ಮುಂಜಾನೆಯ ಶುಭೋದಯ ಸಂದೇಶಗಳ ಹಾವಳಿಯೂ ಅಲ್ಲಿಲ್ಲ, ಅದೊಂದು ಪುಣ್ಯ!

ಏನು ಹಾಕಬೇಕೆಂಬುದಕ್ಕೆ ನಾನು ಪಾಲಿಸುವ ನಿಯಮ ಒಂದೇ: ಬೇರೆ ಯಾರೂ ಹಾಕಲಾಗದ್ದನ್ನು ಹಾಕುವುದು. ಯುಗಾದಿಯ ಶುಭಾಶಯವನ್ನು ಪೆಟ್ರೋಲ್ ಬಂಕಿನವರೂ ಹಾಕುತ್ತಾರೆ. ಈ ವಾರ ಬಂದ ಹೊಸ ಪುಸ್ತಕಗಳು ಇವು, ಇಂತಹ ಪುಸ್ತಕ ಇಂತಹ ಕಪಾಟಿನಲ್ಲಿ ಇದೆ ಎಂಬುದನ್ನು ಗ್ರಂಥಾಲಯವಷ್ಟೇ ಹೇಳಬಲ್ಲದು. ಪರೀಕ್ಷೆಗೆ ಓದುವ ಯುವಕರನ್ನು ಅಡ್ಡಿಯೆಂದು ಭಾವಿಸಬೇಡಿ. ನೇಮಕಾತಿ ಅಧಿಸೂಚನೆ ಹೊರಬಿದ್ದ ದಿನ, ಅರ್ಜಿಯ ಕೊನೆಯ ದಿನಾಂಕದ ಜೊತೆಗೆ ಆ ಪಠ್ಯಕ್ರಮಕ್ಕೆ ಒದಗುವ ನಮ್ಮಲ್ಲಿನ ಪುಸ್ತಕಗಳ ಹೆಸರುಗಳನ್ನೂ ಕಪಾಟಿನ ಸಂಖ್ಯೆಯನ್ನೂ ಹಾಕುತ್ತೇನೆ. ಗೈಡಿಗಾಗಿ ಬಂದವರು ಕರ್ನಾಟಕದ ಇತಿಹಾಸದ ಒಂದು ಒಳ್ಳೆಯ ಪುಸ್ತಕವನ್ನೂ ಒಯ್ಯುವುದನ್ನು ಇದರಿಂದಲೇ ಕಂಡಿದ್ದೇನೆ. ನಿಮ್ಮಲ್ಲಿ ಇಲ್ಲದ ಪುಸ್ತಕವನ್ನು ಯಾರಾದರೂ ಕೇಳಿದರೆ, 2020ರಲ್ಲಿ ಆರಂಭವಾದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ನೋಂದಾಯಿಸಿಕೊಳ್ಳುವುದು ಹೇಗೆಂದು ತೋರಿಸಿಕೊಡಿ.

ಮಕ್ಕಳ ಫೋಟೊಗಳ ಬಗ್ಗೆ ಬಹಳ ಜಾಗ್ರತೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಶಾಲೆಯ ಹೆಸರು ಕಾಣುವ ಸಮವಸ್ತ್ರದಲ್ಲಿರುವ ಮಗುವಿನ ಮುಖವನ್ನು ಲೋಕಕ್ಕೆಲ್ಲ ತೋರಿಸುವ ಅಗತ್ಯ ಗ್ರಂಥಾಲಯಕ್ಕೆ ಇಲ್ಲ. ಪುಸ್ತಕ ಹಿಡಿದ ಕೈಗಳು ಕಂಡರೆ ಸಾಕು. ಯಾರು ಯಾವ ಪುಸ್ತಕ ಒಯ್ದರೆಂಬುದನ್ನೂ ಅವರನ್ನು ಕೇಳದೆ ಪ್ರಕಟಿಸಬಾರದು.

ಪಾಸ್‌ವರ್ಡ್ ವಿಷಯ: ಫೇಸ್‌ಬುಕ್ ಪುಟಕ್ಕೆ ಪ್ರತ್ಯೇಕ ಪಾಸ್‌ವರ್ಡ್ ಇರುವುದಿಲ್ಲ, ವ್ಯಕ್ತಿಗಳ ಖಾತೆಗಳ ಮೂಲಕ ಅದನ್ನು ನಡೆಸುತ್ತಾರೆ. ಊರು ಬಿಟ್ಟವರನ್ನು ಸಂಪರ್ಕಿಸಿ, ಗ್ರಂಥಪಾಲಕರಿಗೂ ಬಳಗದ ಇನ್ನೊಬ್ಬರಿಗೂ ಪೂರ್ಣ ನಿಯಂತ್ರಣ ಕೊಡುವಂತೆ ಕೇಳಿ. ಜಾಲತಾಣದ ಡೊಮೈನ್ ಹೆಸರು ಯಾರ ಇಮೇಲ್‌ನಲ್ಲಿದೆ, ಯಾವಾಗ ನವೀಕರಿಸಬೇಕು ಎಂಬುದನ್ನು ಗ್ರಂಥಾಲಯದ ರಿಜಿಸ್ಟರಿನಲ್ಲಿಯೇ ಬರೆದಿಡಿ. ಗ್ರಂಥಪಾಲಕರಿಗೆ ವರ್ಗಾವಣೆಯಾದರೆ ಮುಂದೆ ಬರುವವರಿಗೆ ಅದು ಬೇಕಾಗುತ್ತದೆ.

ಉತ್ತರ 3: ಹಳೆಯ ಓದುಗ, ಹುಬ್ಬಳ್ಳಿ

ಇಂತಹ ಚರ್ಚೆಗಳಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಹೆಸರು ಬಂದೇ ಬರುತ್ತದೆ. ಅವರು 2018ರಲ್ಲಿ ಇನ್‌ಸ್ಟಾಗ್ರಾಂ ಸ್ಟೋರಿಗಳಲ್ಲಿ ಇಡೀ ಕಾದಂಬರಿಗಳನ್ನೇ ಓದಿಸಿದರು. ಆದರೆ ಅದರ ಹಿಂದೆ ಒಂದು ಜಾಹೀರಾತು ಸಂಸ್ಥೆಯೇ ಇತ್ತು. ಸ್ಕಾಟ್‌ಲೆಂಡಿನ ಆರ್ಕ್ನಿ ದ್ವೀಪಗಳ ಗ್ರಂಥಾಲಯ ನಿಮಗೆ ಹೆಚ್ಚು ಹತ್ತಿರದ ಉದಾಹರಣೆ. ಊರು ಚಿಕ್ಕದಾದರೂ ಅದರ ಟ್ವಿಟರ್ ಖಾತೆ ತನ್ನ ತುಂಟ ಹಾಸ್ಯದಿಂದಲೇ ಲೋಕಪ್ರಸಿದ್ಧವಾಯಿತು. ಅಲ್ಲಿ ಹಣ ಸುರಿದಿರಲಿಲ್ಲ. ಪುಸ್ತಕ ಬಲ್ಲ, ಊರು ಬಲ್ಲ ಒಬ್ಬರ ದನಿ ಆ ಸಾಲುಗಳಲ್ಲಿ ಕೇಳಿಸುತ್ತಿತ್ತು. ನಿಮ್ಮ ಗ್ರಂಥಪಾಲಕರಿಗೆ ಅಂತಹ ದನಿಯಿದ್ದರೆ ಅವರ ಮಾತನ್ನೇ ಬರೆದುಕೊಂಡು ಹಾಕಿ, ಸುತ್ತೋಲೆಯ ಭಾಷೆ ಮಾತ್ರ ಬೇಡ. ನಮ್ಮ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವೂ ಸೇರಿಕೊಳ್ಳುತ್ತದೆ, ಅದು 1965ರ ಕಾಯ್ದೆಯ ಕಾಲದಿಂದ ಬಂದದ್ದು. ಆ ಕರ ಕೊಡುವವನಾಗಿ ನಾನು ಕೇಳುವುದಿಷ್ಟೆ: ಫೇಸ್‌ಬುಕ್ಕಿಗೆಂದು ಗ್ರಂಥಪಾಲಕರ ವೇಳೆಯನ್ನು ಕಪಾಟುಗಳಿಂದ ಕಿತ್ತುಕೊಳ್ಳಬೇಡಿ.

ಉತ್ತರ 4: ಸ್ಕ್ರೀನ್ ರೀಡರ್ ಬಳಸುವ ಓದುಗ

ನನಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ತಂತ್ರಾಂಶದ ಮೂಲಕ ಜಾಲತಾಣಗಳನ್ನು ಕೇಳುತ್ತೇನೆ. ಪೋಸ್ಟರಿನ ಚಿತ್ರದೊಳಗೆ ಬರೆದ ಕಾರ್ಯಕ್ರಮದ ದಿನಾಂಕ ನನಗೆ ತಲುಪುವುದಿಲ್ಲ, ನುಡಿ ಫಾಂಟಿನ ಹಳೆಯ ಪಟ್ಟಿ ಅರ್ಥವಿಲ್ಲದ ಅಕ್ಷರಗಳಾಗಿ ಕಿವಿಗೆ ಬೀಳುತ್ತದೆ. ಯೂನಿಕೋಡಿಗೆ ಬಂದರೆ ಹುಡುಕುವವರಿಗೂ ನನ್ನಂಥವರಿಗೂ ಒಂದೇ ಏಟಿಗೆ ಅನುಕೂಲ. ಪೋಸ್ಟರ್ ಹಾಕಿದಾಗ ಅದರ ವಿವರವನ್ನು ಕೆಳಗೆ ಅಕ್ಷರಗಳಲ್ಲಿ ಬರೆಯಿರಿ, ಫೋಟೊದಲ್ಲಿ ಏನಿದೆಯೆಂದು ಹೇಳುವ ಪರ್ಯಾಯ ಪಠ್ಯ ಕೊಡಿ, ಓಡುವ ಅಕ್ಷರಗಳನ್ನು ದಯವಿಟ್ಟು ತೆಗೆದುಹಾಕಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾಹಿತಿ ಎಲ್ಲರಿಗೂ ದೊರೆಯಬೇಕೆಂದು ಹೇಳುತ್ತದೆ. ಕಟ್ಟಡಕ್ಕೆ ಇಳಿಜಾರು ಇದೆಯೇ, ಬ್ರೈಲ್ ಅಥವಾ ಧ್ವನಿ ಪುಸ್ತಕಗಳು ಇವೆಯೇ ಎಂಬ ಎರಡು ಸಾಲುಗಳೂ ಮುಖಪುಟದಲ್ಲಿ ಇರಲಿ. ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ, ಬಂದು ಹಿಂತಿರುಗುವುದಕ್ಕಿಂತ ಅದು ವಾಸಿ.

ಮರುಪ್ರಶ್ನೆ: ಮಲೆನಾಡಿನ ಓದುಗರ ಬಳಗ

ಎಲ್ಲರಿಗೂ ಕೃತಜ್ಞತೆಗಳು. ಹೊಸ ವಿನ್ಯಾಸದ ಮಾತನ್ನು ಸದ್ಯಕ್ಕೆ ಕೈಬಿಟ್ಟು, ಮುಖಪುಟದ ಮಾಹಿತಿಯನ್ನೂ ಮ್ಯಾಪ್ಸಿನ ನಮೂದನ್ನೂ ಸರಿಪಡಿಸಿ, ಹಿಂತಿರುಗುವ ಪುಸ್ತಕಗಳಿಂದ ದಾಖಲಾತಿ ಆರಂಭಿಸಲು ಗ್ರಂಥಪಾಲಕರೂ ಒಪ್ಪಿದ್ದಾರೆ. ಇನ್ನೊಂದು ಸಂದೇಹ. ಊರಿನ ಹಳೆಯ ಸ್ಮರಣ ಸಂಚಿಕೆಗಳು, ಈಗ ಎಲ್ಲಿಯೂ ಮಾರಾಟಕ್ಕೆ ಸಿಗದ ಕಾದಂಬರಿಗಳು ನಮ್ಮಲ್ಲಿವೆ. ಇವನ್ನು ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಹಾಕಬಹುದೇ?

ಉತ್ತರ 5: ನಿವೃತ್ತ ಕ್ಯಾಟಲಾಗುಕಾರ

ಸ್ಕ್ಯಾನ್ ಮಾಡುವುದು ಬೇರೆ, ಜಾಲತಾಣದಲ್ಲಿ ಹಾಕುವುದು ಬೇರೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಮುದ್ರಿತ ಪ್ರತಿಯಿರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಪ್ರಕರಣ ಅವಕಾಶ ಕೊಡುತ್ತದೆ. ಈ ಅಂಶ ಸೇರಿದ್ದು 2012ರ ತಿದ್ದುಪಡಿಯಲ್ಲಿ. ಆದ್ದರಿಂದ ಶಿಥಿಲವಾದವುಗಳನ್ನು ಇಂದೇ ಸ್ಕ್ಯಾನ್ ಮಾಡಿ ಗ್ರಂಥಾಲಯದ ಕಂಪ್ಯೂಟರಿನಲ್ಲಿಡಿ. ಲೋಕಕ್ಕೆಲ್ಲ ತೆರೆದಿಡುವ ಅನುಮತಿ ಮಾತ್ರ ಅದರಿಂದ ದೊರೆಯುವುದಿಲ್ಲ.

ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಯವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು ಈ ಲೆಕ್ಕದಂತೆ 2024ರ ಜನವರಿ 1ರಿಂದ ಎಲ್ಲರ ಸೊತ್ತಾಗಿವೆ. ಅಂತಹವನ್ನು ಧೈರ್ಯವಾಗಿ ಹಾಕಿ. ಆದರೆ ಅವು ಉಚಿತ ಪುಸ್ತಕಗಳ ತಾಣಗಳಾದ ಕನ್ನಡ ವಿಕಿಸೋರ್ಸಿನಲ್ಲಿ ಅಥವಾ ಇಂಟರ್ನೆಟ್ ಆರ್ಕೈವಿನಲ್ಲಿ ಈಗಾಗಲೇ ಇವೆಯೇ ಎಂದು ಮೊದಲು ನೋಡಿ. ಇದ್ದರೆ ಕೊಂಡಿ ಕೊಟ್ಟರೆ ಸಾಕು, ಇಲ್ಲದಿದ್ದರೆ ಅಲ್ಲಿಗೇ ಏರಿಸಿ. ಸಣ್ಣ ಜಾಲತಾಣದ ಸರ್ವರ್ ಆ ಭಾರ ಹೊರುವ ಅಗತ್ಯವಿಲ್ಲ. ಮಾರಾಟದಲ್ಲಿಲ್ಲ ಎಂಬ ಕಾರಣಕ್ಕೆ ಕಾದಂಬರಿಯ ಹಕ್ಕು ತೀರಿಹೋಗುವುದಿಲ್ಲ. ಲೇಖಕರ ಮನೆಯವರು ನಿಮ್ಮ ಊರಿನ ಸುತ್ತಮುತ್ತಲಿನವರೇ ಆಗಿದ್ದರೆ ಹೋಗಿ ಲಿಖಿತ ಒಪ್ಪಿಗೆ ಕೇಳಿ. ಹೆಚ್ಚಿನವರು ಸಂತೋಷದಿಂದಲೇ ಕೊಡುತ್ತಾರೆ.

ಸ್ಮರಣ ಸಂಚಿಕೆಗಳಲ್ಲಿ ಪ್ರತಿ ಲೇಖನಕ್ಕೂ ಬೇರೆ ಹಕ್ಕುದಾರರು ಇರುವುದರಿಂದ ಅದು ತೊಡಕಿನ ಕೆಲಸ. ಸದ್ಯಕ್ಕೆ ಪರಿವಿಡಿಯನ್ನಷ್ಟೇ ಟೈಪು ಮಾಡಿ ಪ್ರಕಟಿಸಿ. ಯಾವ ಸಂಚಿಕೆಯಲ್ಲಿ ಯಾರು ಯಾವ ವಿಷಯ ಬರೆದಿದ್ದಾರೆಂಬುದು ತಿಳಿದರೆ ಊರಿನ ಚರಿತ್ರೆ ಹುಡುಕುವವರು ಗ್ರಂಥಾಲಯಕ್ಕೇ ಬಂದು ಓದುತ್ತಾರೆ. ನಿಮ್ಮ ಫೇಸ್‌ಬುಕ್ ಪುಟಕ್ಕೂ ವಾರಕ್ಕೊಂದು ಲೇಖನದ ಪರಿಚಯ ಬರೆಯುವಷ್ಟು ಸಾಮಗ್ರಿ ಅಲ್ಲಿಂದಲೇ ಸಿಗುತ್ತದೆ.