ಜೆರ್ಸಿ ಹಸುವಿನ ಜ್ವರ, ದರಗಿನ ಕೊಟ್ಟಿಗೆ ಮತ್ತು ಉಣುಗು

ಪ್ರಶ್ನೆ (ಹೊಸನಗರದ ಸದಸ್ಯರು): ನಮಸ್ಕಾರ ಡಾಕ್ಟರೇ. ನಮ್ಮ ಕೊಟ್ಟಿಗೆಯಲ್ಲಿ ಎರಡು ಮಲೆನಾಡು ಗಿಡ್ಡ, ಒಂದು ಜೆರ್ಸಿ ಮಿಶ್ರತಳಿ ಹಸು ಇವೆ. ಮೂರು ದಿನಗಳಿಂದ ಜೆರ್ಸಿಗೆ ಮಾತ್ರ ವಿಪರೀತ ಜ್ವರ. ಮೇವು ಬಿಟ್ಟಿದೆ, ಹಾಲು ಅರ್ಧಕ್ಕೆ ಇಳಿದಿದೆ, ಭುಜದ ಮುಂದೆ ಗಡ್ಡೆ ಕಟ್ಟಿದೆ. ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ ಉಣುಗು ತುಂಬಿವೆ. ಕಾಡಿನ ದರಗನ್ನೇ (ಉದುರಿದ ಒಣ ಎಲೆ) ಹಾಸುತ್ತೇವೆ. ಉಣುಗಿನ ಔಷಧ ಸಿಂಪಡಿಸಿದರೆ ಸಾಕೇ? ಗಿಡ್ಡಗಳಿಗೇಕೆ ಏನೂ ಆಗಿಲ್ಲ?

ಪಶುವೈದ್ಯರ ಉತ್ತರ: ನಮಸ್ಕಾರ. ಸಿಂಪಡಣೆಯಿಂದ ಈ ಜ್ವರ ಇಳಿಯುವುದಿಲ್ಲ. ಭುಜದ ಮುಂದೆ ಊದಿರುವುದು ದುಗ್ಧಗ್ರಂಥಿ, ಅಂದರೆ ಸೋಂಕು ತಗುಲಿದಾಗ ಊದಿಕೊಳ್ಳುವ ಗಂಟು. ಉಣುಗು ಮತ್ತು ಜ್ವರದೊಂದಿಗೆ ಅದು ಕಂಡುಬಂದರೆ ನಾವು ಮೊದಲು ಶಂಕಿಸುವುದು ಉಣುಗಿನಿಂದ ಹರಡುವ ಥೈಲೇರಿಯಾ ಎಂಬ ರಕ್ತದ ರೋಗವನ್ನು. ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿ; ಒಳಭಾಗ ಬಿಳಿಚಿದ್ದರೆ ರಕ್ತಹೀನತೆ ಆರಂಭವಾಗಿದೆ ಎಂದರ್ಥ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದು ಉಣುಗಿನಿಂದಲೇ ಬರುವ ಇನ್ನೊಂದು ರೋಗ, ಬಬೇಸಿಯಾ ಇರಬಹುದು, ಅದರ ಔಷಧವೇ ಬೇರೆ. ಆದ್ದರಿಂದ ಇಂದೇ ಹತ್ತಿರದ ಪಶು ಆಸ್ಪತ್ರೆಯವರನ್ನು ಕರೆಸಿ ರಕ್ತಲೇಪನ ಪರೀಕ್ಷೆ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮಾಡಿಸಿ. ಥೈಲೇರಿಯಾ ಖಚಿತವಾದರೆ ಹಸುವಿನ ತೂಕ ನೋಡಿ ಬುಪಾರ್ವಾಕ್ವೋನ್ ಚುಚ್ಚುಮದ್ದು ಕೊಡುತ್ತಾರೆ. ತಡವಾದಷ್ಟೂ ಅದರ ಗುಣ ಕಡಿಮೆ.

ಗಿಡ್ಡ ತಳಿಗೆ ಉಣುಗನ್ನೂ ಅದು ತರುವ ರೋಗವನ್ನೂ ತಾಳುವ ಶಕ್ತಿ ಹೆಚ್ಚು. ಆದರೆ ಆರೋಗ್ಯವಾಗಿ ಕಾಣುವ ಗಿಡ್ಡದ ರಕ್ತದಲ್ಲೂ ರೋಗಾಣು ಉಳಿದಿದ್ದು, ಉಣುಗಿನ ಮೂಲಕ ಪಕ್ಕದ ಜೆರ್ಸಿಗೆ ದಾಟಬಹುದಾದ್ದರಿಂದ, ಉಣುಗಿನ ಔಷಧ ಮೂರಕ್ಕೂ ಒಂದೇ ದಿನ ಬೀಳಬೇಕು.

ಇನ್ನು ಕೊಟ್ಟಿಗೆ. ನನ್ನ ಅನುಭವದಲ್ಲಿ ಹೆಚ್ಚಿನವರು ಹಸುವಿನ ಮೈ ನೋಡುತ್ತಾರೆ, ಗೋಡೆ ನೋಡುವುದಿಲ್ಲ. ರಕ್ತ ಹೀರಿ ಉಬ್ಬಿದ ಹೆಣ್ಣು ಉಣುಗು ಕೆಳಗೆ ಬಿದ್ದು, ಮಣ್ಣುಗೋಡೆಯ ಬಿರುಕಿನಲ್ಲೋ ದರಗಿನಡಿಯಲ್ಲೋ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಬಿರುಕು ಮೆತ್ತಿ ಸುಣ್ಣ ಬಳಿಯಿರಿ, ಹಳೆಯ ಹಾಸನ್ನೆಲ್ಲ ಗೊಬ್ಬರಗುಂಡಿಗೆ ಸಾಗಿಸಿ. ಮೊಟ್ಟೆಗೆ ಔಷಧ ತಾಗದ ಕಾರಣ ಎರಡು ವಾರದ ನಂತರ ಮತ್ತೆ ಸಿಂಪಡಿಸಬೇಕು. ಜೆರ್ಸಿ ಕಟ್ಟುವ ಜಾಗಕ್ಕಾದರೂ ದರಗು ಬಿಟ್ಟು ಒಣಹುಲ್ಲು ಹಾಸಿ. ಗೊಬ್ಬರ ಸ್ವಲ್ಪ ಕಡಿಮೆಯಾದೀತು, ತೋಟಕ್ಕೆ ಅದು ನಷ್ಟವೇ. ಆದರೂ ಹಸು ಉಳಿಯುವುದು ಮುಖ್ಯ.

ಮರುಪ್ರಶ್ನೆ (ಸೊರಬದ ಸದಸ್ಯರು): ಕೊಟ್ಟಿಗೆಯ ಉಣುಗಿನಿಂದ ಮಂಗನ ಕಾಯಿಲೆ ಬರುವುದೇ ಸರ್?

ಉತ್ತರ: 1957ರಲ್ಲಿ ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಮೊದಲು ಪತ್ತೆಯಾದ ಆ ರೋಗವನ್ನು ಹಸು ನೇರವಾಗಿ ಮನುಷ್ಯರಿಗೆ ದಾಟಿಸುವುದಿಲ್ಲ. ಆದರೆ ಅದನ್ನು ಹರಡುವ ಕಾಡಿನ ಉಣುಗು ದನದ ಮೈಯಲ್ಲೂ ದರಗಿನ ಹೊರೆಯಲ್ಲೂ ಮನೆಯಂಗಳಕ್ಕೆ ಬರಬಲ್ಲದು. ಬೇಸಿಗೆಯಲ್ಲಿ ದರಗು ಗುಡಿಸಲು ಹೋಗುವವರು ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ, ಉಣುಗನ್ನು ದೂರವಿಡುವ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಹಸುವಿನಿಂದ ಕಿತ್ತ ಉಣುಗನ್ನು ಬರಿಗೈಯಲ್ಲಿ ಜಜ್ಜಬೇಡಿ.