ಸಹಾಯ ಬೇಕು: ಒತ್ತಾಗಿ ಬೆಳೆದ ಎಳೆ ಸಾಗುವಾನಿ ತೋಪಿನಲ್ಲಿ ಕೆಲವು ಮರ ಕಡಿದು ತೆಳುವು ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕು. ಅಡಿಕೆ ತೋಟದ ಮೇಲಿನ ಹಿಡುವಳಿ ಜಾಗದಲ್ಲಿ ಅಪ್ಪಯ್ಯ ಎಂಟು ವರ್ಷದ ಹಿಂದೆ 6 ಅಡಿ ಅಂತರಕ್ಕೆ ಸಾಗುವಾನಿ ಹಾಕಿಸಿದ್ದರು. ಅಂದರೆ ಎಕರೆಗೆ ಸುಮಾರು 1200 ಗಿಡ. ಈಗ ನೆತ್ತಿಗೆ ನೆತ್ತಿ ತಾಗಿದೆ, ಕೆಳಗಿನ ಕೊಂಬೆಗಳೆಲ್ಲ ಒಣಗಿವೆ. ಬೆಳಕಿಗೆ ಪೈಪೋಟಿ ಬಿದ್ದು ಎತ್ತರ ಹೋಗ್ತಿವೆ, ದಪ್ಪ ಆಗ್ತಿಲ್ಲ.

ಮೊದಲ ಸಲ ಓರೆಯಾಗಿ ಸಾಲು ಬಿಟ್ಟು ಸಾಲು ಕಡಿಯಿರಿ ಅಂತಾರೆ. ಅರ್ಧ ಮರ ಹೋಗಿ ಅಂತರ ಸಮ ಆಗುತ್ತೆ, ನಿಜ. ಆದರೆ ಆ ಸಾಲಿನಲ್ಲಿರುವ ನೆಟ್ಟಗಿನ ಮರವೂ ಹೋಗುತ್ತಲ್ಲ! ಡೊಂಕು, ಕವಲು, ಸೊರಗಿದ್ದನ್ನು ಆರಿಸಿ ತೆಗೆಯೋದೇ ಸರಿ ಅನ್ನೋದು ನನ್ನ ಲೆಕ್ಕ. ಒಮ್ಮೆಗೇ ಜಾಸ್ತಿ ತೆಗೆದರೆ ಮಳೆಗಾಲದ ಗಾಳಿಗೆ ಈ ಸಪೂರ ಮರಗಳು ಬಾಗುವ ಹೆದರಿಕೆ ಬೇರೆ. ಮಾಡಿ ನೋಡಿದವರು ಹೇಳಿ, ಒಂದೇ ಸಲ ಅರ್ಧ ತೆಗೆದಿರಾ, ಎರಡು ಮೂರು ವರ್ಷಕ್ಕೆ ಹಂಚಿದಿರಾ? ಕಡಿದ ಬುಡದಲ್ಲಿ ಬರುವ ಚಿಗುರಿಗೆ ಏನು ಮಾಡ್ತೀರಿ?

1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಸಾಗುವಾನಿಗೂ ಅನುಮತಿ ಬೇಕು, ಅದು ಗೊತ್ತು. ಅರ್ಜಿ ಜೊತೆ ಪಹಣಿ ಬಿಟ್ಟು ಇನ್ನೇನು ಕೇಳ್ತಾರೆ? ತಿರುಳು (ಒಳಗಿನ ಗಟ್ಟಿ ಮರ) ಇನ್ನೂ ಸರಿಯಾಗಿ ಕಟ್ಟದ ಈ ಎಳೆ ಗಳುಗಳನ್ನು ಕೊಳ್ಳುವವರು ಯಾರಾದರೂ ಇದ್ದಾರಾ?