ಪದಚರ್ಚೆ: ‘ಕಂಪ್ರೆಷನ್’ ಎರಡು, ‘ಸಂಕೋಚನ’ ಒಂದೇ

ಬಳಗಕ್ಕೆ ನಮಸ್ಕಾರ.

ಸಂಗೀತ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ ಹಂಚಿಕೊಳ್ಳುವವರಿಗಾಗಿ ಒಂದು ಕೈಪಿಡಿ ತಯಾರಾಗುತ್ತಿದೆ. ಕರಡಿನಲ್ಲಿರುವ ಒಂದು ವಾಕ್ಯ ಇದು: ‘ಧ್ವನಿಮುದ್ರಿಸುವಾಗ ಸಂಕೋಚಿಸಬೇಡಿ, ಹಂಚುವ ಮೊದಲು ಸಂಕೋಚಿಸಿ.’ ಮೊದಲನೆಯದು ದನಿಯ ಏರಿಳಿತವನ್ನು ತಗ್ಗಿಸುವ ಕೆಲಸ, ಎರಡನೆಯದು ಕಡತದ ಗಾತ್ರ ಇಳಿಸುವ ಕೆಲಸ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಕಂಪ್ರೆಷನ್’ ಎಂಬ ಒಂದೇ ಪದ ಇದೆಯೆಂದು ನಾವೂ ಒಂದಕ್ಕೇ ಕಟ್ಟುಬೀಳಬೇಕೆ?

ಜೊತೆಗೆ ಇನ್ನೆರಡು ಸಂದೇಹ. ಏನನ್ನೂ ಕಳೆಯದೆ ಕಡತವನ್ನು ಚಿಕ್ಕದಾಗಿಸುವ ‘ಲಾಸ್‌ಲೆಸ್’ಗೆ ‘ನಷ್ಟರಹಿತ’ ಎಂದರೆ ಸಾಕೆ? ‘ಮಾದರಿ’ ಎಂಬುದನ್ನು ಫಾರ್ಮ್ಯಾಟಿಗೂ ಸ್ಯಾಂಪಲ್‌ಗೂ ಬಳಸಲಾಗಿದೆ. ‘ಸರಿಯಾದ ಮಾದರಿ ಆರಿಸಿ’ ಎಂದು ಓದಿದವರು ವೇವ್ ಎಂಬ ಫಾರ್ಮ್ಯಾಟ್ ಆರಿಸಬೇಕೋ, 48 ಕಿಲೋಹರ್ಟ್ಸ್ ಎಂಬ ಸ್ಯಾಂಪಲ್ ರೇಟ್ ಆರಿಸಬೇಕೋ? ಬಲ್ಲವರು ತಿಳಿಸಿ.

*

ನಮಸ್ಕಾರ.

ನೀವು ತೋರಿಸಿದ ವಾಕ್ಯವನ್ನು ಹಾಗೇ ಅಚ್ಚಿಗೆ ಕಳಿಸಬೇಡಿ. ಓದಿದವರು ಎರಡನ್ನೂ ಅದಲುಬದಲು ಮಾಡಿಕೊಂಡರೆ ಧ್ವನಿಮುದ್ರಿಕೆಯೇ ಕೆಡುತ್ತದೆ. ಕಂಪ್ರೆಸರ್ ಮಾಡುವುದು ಇಷ್ಟು: ಗೊತ್ತುಮಾಡಿದ ಮಟ್ಟವನ್ನು ದಾಟಿದ ದನಿಯನ್ನು ಅದುಮುತ್ತದೆ. ಆಮೇಲೆ ಒಟ್ಟು ಮಟ್ಟವನ್ನು ಏರಿಸಿದಾಗ ಮೆಲುದನಿ, ಸಭಾಂಗಣದ ಗುಂಯ್‌ಗುಡುವಿಕೆ, ಕೆಮ್ಮು ಎಲ್ಲ ಮೇಲೆದ್ದು ಬರುತ್ತವೆ. ಧ್ವನಿಮುದ್ರಣದಲ್ಲೇ ಹೀಗಾದರೆ ಬಿಡಿಸಿ ಮೊದಲಿನಂತೆ ಮಾಡಲಾಗದು. ಕಡತದ ಗಾತ್ರ ಇಳಿಸುವ ಫ್ಲ್ಯಾಕ್ ಎಂಬ ಫಾರ್ಮ್ಯಾಟಿನದು ಬೇರೆಯೇ ಕೆಲಸ. ಅದು ಅದೇ ಅಂಕಿಗಳನ್ನು ಕಡಿಮೆ ಜಾಗದಲ್ಲಿ ಬರೆದಿಡುತ್ತದೆ. ಬಿಚ್ಚಿದರೆ ಒಂದು ಬಿಟ್ಟೂ ಆಚೀಚೆ ಆಗದೆ ಬರುತ್ತದೆ.

ಹಾಗಾಗಿ ಕಡತಕ್ಕೆ ‘ಅಡಕು’ ಎಂಬ ಕ್ರಿಯಾಪದ ಚೆನ್ನಾಗಿ ಹೊಂದುತ್ತದೆ. ಒತ್ತಿ ತುಂಬುವುದು ಎಂಬ ಅರ್ಥ ಅದರಲ್ಲೇ ಇದೆ. ದನಿಗೆ ‘ಏರಿಳಿತ ತಗ್ಗಿಸು’ ಎಂದು ಬಿಡಿಸಿಯೇ ಬರೆಯಿರಿ, ಉದ್ದವಾದರೂ ಚಿಂತೆಯಿಲ್ಲ. ಉಪಕರಣದ ಹೆಸರು ಕಂಪ್ರೆಸರ್ ಎಂದೇ ಇರಲಿ, ಗುಂಡಿಯ ಮೇಲೆ ಇರುವುದು ಅದೇ.

‘ನಷ್ಟರಹಿತ’ ತಪ್ಪಲ್ಲ, ಆದರೆ ಕೇಳಲು ಚೆನ್ನಾಗಿದೆ ಎಂಬ ಹೊಗಳಿಕೆಯಂತೆ ಓದಿಸಿಕೊಳ್ಳುತ್ತದೆ. 320 ಕೆಬಿಪಿಎಸ್ (ಸೆಕೆಂಡಿಗೆ 320 ಕಿಲೋಬಿಟ್) ಎಂಪಿ3ಯಲ್ಲೂ ನಷ್ಟ ಕಿವಿಗೆ ಗೊತ್ತಾಗುವುದಿಲ್ಲವಲ್ಲ ಎಂಬ ವಾದ ಹುಟ್ಟುವುದು ಇಲ್ಲಿಂದಲೇ. ವಿಷಯ ಕಿವಿಯದಲ್ಲ, ಮೂಲ ಮರಳಿ ಸಿಗುತ್ತದೆಯೇ ಎಂಬುದು. ‘ಮರಳುವ ಅಡಕ’, ‘ಮರಳದ ಅಡಕ’ ಎಂದರೆ ಅದು ನೇರವಾಗಿ ತಿಳಿಯುತ್ತದೆ. ಫ್ಲ್ಯಾಕ್ ಮರಳುವ ಅಡಕ. ಎಂಪಿ3, ಎಎಸಿ, ಓಪಸ್ ಮರಳದವು. ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಹೋದದ್ದು ಬರುವುದಿಲ್ಲ, ಕಡತ ಮಾತ್ರ ಊದಿಕೊಳ್ಳುತ್ತದೆ. ಅನುಮಾನವಿದ್ದರೆ ಆಡಾಸಿಟಿ ಎಂಬ ಧ್ವನಿ ಸಂಕಲನದ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್ (ಯಾವ ಕಂಪನಾಂಕದ ದನಿ ಎಷ್ಟಿದೆ ಎಂದು ತೋರಿಸುವ ಚಿತ್ರ) ನೋಟ ತೆರೆದು ನೋಡಿ. 128 ಕೆಬಿಪಿಎಸ್ ಎಂಪಿ3ಯಿಂದ ಬಂದದ್ದಾದರೆ ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಹತ್ತಿರ ದನಿ ಗೆರೆ ಎಳೆದಂತೆ ನಿಂತುಬಿಟ್ಟಿರುತ್ತದೆ, ಚಪ್ಪಾಳೆ ಬರುವ ಕಡೆ ಇದು ಎದ್ದು ಕಾಣುತ್ತದೆ.

ಫ್ಲ್ಯಾಕ್‌ನ 0ರಿಂದ 8ರವರೆಗಿನ ಅಂಕಿಗಳನ್ನು ‘ಗುಣಮಟ್ಟದ ಹಂತ’ ಎಂದು ಅನುವಾದಿಸಿದ್ದರೆ ತಿದ್ದಿ. ಅದು ‘ಅಡಕದ ಹಂತ’. 8ಕ್ಕೆ ಹೊತ್ತು ಹೆಚ್ಚು ಹಿಡಿದು ಕಡತ ತುಸು ಚಿಕ್ಕದಾಗುತ್ತದೆ, ದನಿ ಎಲ್ಲ ಹಂತದಲ್ಲೂ ಒಂದೇ.

‘ಮಾದರಿ’ಯ ವಿಷಯದಲ್ಲಿ ನನ್ನ ಅಭಿಪ್ರಾಯ: ಫಾರ್ಮ್ಯಾಟನ್ನು ‘ಕಡತದ ಬಗೆ’ ಎನ್ನಿ. ‘ನಮೂನೆ’ ಬೇಡ, ಅದಕ್ಕೂ ಸ್ಯಾಂಪಲ್ ಎಂಬ ಅರ್ಥ ಇದ್ದೇ ಇದೆ. ಸ್ಯಾಂಪಲ್ ರೇಟ್ ಯಂತ್ರದ ಪರದೆಯ ಮೇಲೆ ಕಾಣುವ ಮಾತು, ಹಾಗೇ ಇಟ್ಟು ‘ಸೆಕೆಂಡಿಗೆ 48,000 ಸಲ ದನಿಯ ಅಳತೆ’ ಎಂದು ಒಮ್ಮೆ ವಿವರಿಸಿದರೆ ಸಾಕು. ಬಗೆ ವೇವ್, ಆಳ (ಒಂದೊಂದು ಅಳತೆಯನ್ನು ಎಷ್ಟು ಬಿಟ್‌ನಲ್ಲಿ ಬರೆಯುತ್ತೇವೆ ಎಂಬುದು) 24 ಬಿಟ್, ದರ 48 ಕಿಲೋಹರ್ಟ್ಸ್ ಎಂದು ಮೂರನ್ನೂ ಬೇರೆಬೇರೆ ಹೇಳಿದರೆ ಗೊಂದಲಕ್ಕೆ ಎಡೆಯಿಲ್ಲ.

ಇದೇ ಜಾಗದಲ್ಲಿ ಒಂದು ಎಚ್ಚರಿಕೆಯೂ ಬೇಕು. ಈ ಲೆಕ್ಕದಲ್ಲಿ ಸ್ಟೀರಿಯೋ ಧ್ವನಿಮುದ್ರಣ ಗಂಟೆಗೆ ಸುಮಾರು 1.04 ಜಿಬಿ ತಿನ್ನುತ್ತದೆ. ವೇವ್ ಕಡತದ ಗಾತ್ರವನ್ನು 32 ಬಿಟ್‌ನಲ್ಲಿ ಬರೆಯುವುದರಿಂದ 4 ಜಿಬಿಗೆ ಮಿತಿ ಬೀಳುತ್ತದೆ, ಅಂದರೆ ನಾಲ್ಕು ಗಂಟೆಯ ಮೇಲೆ ಕೆಲವೇ ನಿಮಿಷ. 96 ಕಿಲೋಹರ್ಟ್ಸ್ ಇಟ್ಟರೆ ಎರಡೇ ಗಂಟೆ ಚಿಲ್ಲರೆ. ಅನೇಕ ರೆಕಾರ್ಡರ್‌ಗಳು ಅಲ್ಲಿಗೆ ಬರುವ ಮೊದಲೇ ಹೊಸ ಕಡತ ಶುರುಮಾಡುತ್ತವೆ. ಜೋಡಿಸಿದ ಮೇಲೆ ಆ ಕೀಲನ್ನು ಕಿವಿಗೊಟ್ಟು ಕೇಳಬೇಕು. 32 ಬಿಟ್ ಫ್ಲೋಟ್‌ನಲ್ಲಿ (0 ಡೆಸಿಬೆಲ್ ದಾಟಿದ ದನಿಯನ್ನೂ ಹಿಡಿದಿಡುವ ವಿಧಾನ) ಮುದ್ರಿಸಿದ್ದರೆ ಫ್ಲ್ಯಾಕ್ ಅದನ್ನು ಹಾಗೇ ಹಿಡಿದಿಡುವುದಿಲ್ಲ. ಮೊದಲು ಮಟ್ಟ ಇಳಿಸಿ, ಆಮೇಲೆ 24 ಬಿಟ್‌ಗೆ ತರಬೇಕು. ಮಟ್ಟ ಇಳಿಸದೆ ತಂದರೆ 0 ಡೆಸಿಬೆಲ್ ಎಂಬ ಗರಿಷ್ಠ ಮಿತಿ ದಾಟಿದ ಅಲೆಗಳ ನೆತ್ತಿ ಸವರಿಹೋಗುತ್ತದೆ.

ನೆತ್ತಿ ಸವರುವುದು ಎಂಬುದನ್ನು ಬೇಕೆಂದೇ ಬಳಸಿದೆ. ಕ್ಲಿಪ್ಪಿಂಗ್‌ಗೆ ‘ಕತ್ತರಿಕೆ’ ಎಂದು ಕೆಲವರು ಬರೆಯುತ್ತಾರೆ. ‘ಕತ್ತರಿಕೆ ತಪ್ಪಿಸಿ’ ಎಂದು ಓದಿದವರು ಸಂಕಲನ ಮಾಡಬಾರದು ಎಂದುಕೊಳ್ಳುತ್ತಾರೆ. ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಗುಡ್ಡದ ತುದಿ ಮಟ್ಟಸವಾಗಿ ಕೊಚ್ಚಿದಂತೆ ಕಾಣುತ್ತದೆ, ಹೆಸರೂ ಅದನ್ನೇ ಹೇಳಲಿ.

ವಾಕ್ಯವನ್ನು ಹೀಗೆ ತಿದ್ದಬಹುದು: ‘ಅತಿ ಜೋರಿನ ದನಿಯೂ −12 ಡೆಸಿಬೆಲ್ ಆಸುಪಾಸಿನಲ್ಲಿರುವಂತೆ ಮಟ್ಟ ಹೊಂದಿಸಿ, ಕಂಪ್ರೆಸರ್ ಹಾಕದೆ 24 ಬಿಟ್ ವೇವ್‌ನಲ್ಲಿ ಧ್ವನಿಮುದ್ರಿಸಿ. ಹಂಚಲು ಅದನ್ನು ಫ್ಲ್ಯಾಕ್‌ಗೆ ಅಡಕಿ, ಫ್ಲ್ಯಾಕ್‌ನ ಪರೀಕ್ಷೆಯ ಆಯ್ಕೆಯಿಂದ ಕಡತ ಸರಿಯಿದೆಯೇ ನೋಡಿಕೊಳ್ಳಿ. ಫೋನಿನಲ್ಲಿ ಕೇಳುವವರಿಗೆ ಆ ಫ್ಲ್ಯಾಕ್‌ನಿಂದಲೇ ಓಪಸ್ ಪ್ರತಿ ಮಾಡಿ, ಎಂಪಿ3ಯಿಂದ ಮಾಡಬೇಡಿ.’